ಜಗತಿಯ ಕೆಳಗೆ ನಿಂತವರ ವಿಶ್ವಕೋಶ

ಅರಸೀಕೆರೆ ಬಳಿಯ ಮಾಲೇಕಲ್ಲು ತಿರುಪತಿಯ ಬಗ್ಗೆ ಬರೆಯುವವರೆಲ್ಲ ಮೊದಲು ಹೇಳುವುದು ಮೆಟ್ಟಿಲಿನ ಲೆಕ್ಕ. ಸಾವಿರಕ್ಕೂ ಮಿಕ್ಕಿದ ಮೆಟ್ಟಿಲು, ಬೆಟ್ಟದ ಮೇಲೆ ವೆಂಕಟರಮಣ, ಆಷಾಢದಲ್ಲಿ ತೇರು, ಜನ ಕರೆಯುವುದು ಚಿಕ್ಕ ತಿರುಪತಿ ಎಂದು. ಹತ್ತಿ ಇಳಿದವರಿಗೆ ಈ ಲೆಕ್ಕ ಹೆಮ್ಮೆಯದು. ಮಂಡಿ ಸವೆದ ಅಜ್ಜಿಗೆ, ಪೋಲಿಯೊದಿಂದ ಒಂದು ಕಾಲು ಸೊರಗಿದವರಿಗೆ, ಗಾಲಿಕುರ್ಚಿಯಲ್ಲಿ ಕೂತವರಿಗೆ ಬೇಕಾದ ಲೆಕ್ಕವೇ ಬೇರೆ. ಮೆಟ್ಟಿಲಿನ ಎತ್ತರವೆಷ್ಟು? ಪಕ್ಕದಲ್ಲಿ ಹಿಡಿದುಕೊಳ್ಳಲು ಕಂಬಿ ಉಂಟೆ? ಎಷ್ಟು ಮೆಟ್ಟಿಲಿಗೊಮ್ಮೆ ಕೂತು ಸುಧಾರಿಸಿಕೊಳ್ಳಲು ನೆರಳಿದೆ? ವಾಹನ ಎಲ್ಲಿಯವರೆಗೆ ಹೋಗುತ್ತದೆ? ಶೌಚಾಲಯದ ಬಾಗಿಲು ಎಷ್ಟು ಅಗಲ? ಹತ್ತಲಾಗದವರು ಬೆಟ್ಟದ ಬುಡದಲ್ಲೇ ಪೂಜೆ ಮಾಡಿಸಿಕೊಂಡು ಹೋಗಬಹುದೆ? ಒಂದು ಕ್ಷೇತ್ರದ ಕುರಿತ ವಿಶ್ವಕೋಶದ ಬರಹದಲ್ಲಿ ಸ್ಥಳಪುರಾಣಕ್ಕೆ ಮೂರು ಪ್ಯಾರಾ ಕೊಟ್ಟ ಮೇಲೆ ಈ ಪ್ರಶ್ನೆಗಳಿಗೆ ಮೂರು ಸಾಲು ಕೊಡುವುದು ದೊಡ್ಡ ಮಾತಲ್ಲ. ಕೊಡುವವರು ಮಾತ್ರ ಅಪರೂಪ.

ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾಯಿತು. ಅದರ ಲೇಖನಗಳ ಸಂಖ್ಯೆ ಮೂವತ್ತು ಸಾವಿರ ದಾಟಿದೆ. ಅದಕ್ಕೂ ಹಿಂದೆ ಮೈಸೂರು ವಿಶ್ವವಿದ್ಯಾನಿಲಯ ಹದಿನಾಲ್ಕು ಸಂಪುಟಗಳ ಕನ್ನಡ ವಿಶ್ವಕೋಶವನ್ನು ಹೊರತಂದಿತ್ತು. 1969ರಲ್ಲಿ ಮೊದಲ ಸಂಪುಟ ಬಂದಾಗ ಅಂಗವೈಕಲ್ಯ ಉಳ್ಳವರ ಹಕ್ಕಿಗೆಂದು ದೇಶದಲ್ಲಿ ಒಂದು ಪ್ರತ್ಯೇಕ ಕಾಯ್ದೆಯೂ ಇರಲಿಲ್ಲ. ಅಂಥ ಕಾಯ್ದೆ ಬಂದದ್ದು 1995ರಲ್ಲಿ. ಅದು ಏಳು ಬಗೆಯ ಅಂಗವೈಕಲ್ಯವನ್ನು ಗುರುತಿಸಿತು. 2016ರ ಕಾಯ್ದೆ ಅದನ್ನು ಇಪ್ಪತ್ತೊಂದಕ್ಕೆ ಏರಿಸಿತು. ಆಸಿಡ್ ದಾಳಿಗೆ ಸಿಕ್ಕವರು, ತಲಸ್ಸೀಮಿಯ, ಹಿಮೋಫಿಲಿಯ, ಕುಡುಗೋಲು ಕಣ ರೋಗ, ಆಟಿಸಂ, ಕಲಿಕಾ ನ್ಯೂನತೆ, ಪಾರ್ಕಿನ್ಸನ್ ಎಲ್ಲವೂ ಈಗ ಆ ಪಟ್ಟಿಯಲ್ಲಿವೆ. 2011ರ ಜನಗಣತಿ ಹಳೆಯ, ಕಿರಿದಾದ ಅಳತೆಯಲ್ಲೇ ಎಣಿಸಿದರೂ ಕರ್ನಾಟಕದಲ್ಲಿ ಸುಮಾರು 13.24 ಲಕ್ಷ ಜನ ಅಂಗವೈಕಲ್ಯ ಉಳ್ಳವರು ಲೆಕ್ಕಕ್ಕೆ ಸಿಕ್ಕಿದ್ದರು. ಇಷ್ಟು ದೊಡ್ಡ ಬಳಗಕ್ಕೆ ಸಂಬಂಧಿಸಿದ ವಿಷಯಗಳಲ್ಲಿ ಯಾವುದನ್ನು ಮೊದಲು ಹುಡುಕಿ, ಓದಿ, ಬರೆಯಬೇಕು? ಕನ್ನಡದಲ್ಲಿ ವಿಶ್ವಕೋಶ ಕಟ್ಟುವ ಯಾರಿಗಾದರೂ, ಕಾಲೇಜು ವಿದ್ಯಾರ್ಥಿಗಾಗಲಿ ನಿವೃತ್ತ ಮೇಷ್ಟರಿಗಾಗಲಿ, ಎದುರಾಗುವ ಮೊದಲ ತೊಡಕು ಇದೇ.

ಸುಲಭವಾಗಿ ಕೈಗೆ ಬರುವ ಆಯ್ಕೆಗಳು ಎರಡು. ಒಂದು, ಇಂಗ್ಲಿಷಿನಲ್ಲಿರುವ ಕಾಯಿಲೆಯ ಲೇಖನವನ್ನು ತಂದು ಕನ್ನಡಿಸುವುದು. ಇದರ ಫಲವನ್ನು ನಾವು ಒಮ್ಮೆ ಉಂಡಿದ್ದೇವೆ. 2009ರಿಂದ 2011ರವರೆಗೆ ಗೂಗಲ್ ಸಂಸ್ಥೆ ತನ್ನ ಅನುವಾದ ಉಪಕರಣದ ನೆರವಿನಿಂದ ಹಲವು ಭಾರತೀಯ ಭಾಷೆಗಳ ವಿಕಿಪೀಡಿಯಕ್ಕೆ ಉದ್ದುದ್ದನೆಯ ಲೇಖನಗಳನ್ನು ತುಂಬಿಸಿತು, ಕನ್ನಡಕ್ಕೂ ತುಂಬಿಸಿತು. ಪುಟಗಟ್ಟಲೆ ಉದ್ದ, ಉಲ್ಲೇಖಗಳ ರಾಶಿ. ಓದಲು ಕೂತರೆ ಎರಡನೆಯ ಸಾಲಿಗೇ ಉಸಿರು ಕಟ್ಟುತ್ತದೆ. ಅಮೆರಿಕದ ವಿಮೆ, ಬ್ರಿಟನ್ನಿನ ಆಸ್ಪತ್ರೆ ವ್ಯವಸ್ಥೆ ಎಲ್ಲವೂ ಅಲ್ಲಿವೆ; ಹಾಸನದ ಜಿಲ್ಲಾ ಆಸ್ಪತ್ರೆಯಲ್ಲಿ ಯಾವ ಕೊಠಡಿಯ ಮುಂದೆ ಚೀಟಿ ಹಿಡಿದು ನಿಲ್ಲಬೇಕೆಂದು ಕೇಳುವವರಿಗೆ ಅಲ್ಲಿ ಏನೂ ಇಲ್ಲ. ಎರಡನೆಯ ಸುಲಭದ ದಾರಿ ಸಾಧಕರ ಜೀವನಚರಿತ್ರೆ. ಅಂಗವೈಕಲ್ಯವನ್ನು ಮೆಟ್ಟಿ ನಿಂತವರು ಎಂಬ ಶೀರ್ಷಿಕೆಯನ್ನು ಪುರವಣಿಗಳು ಎಷ್ಟು ಸಲ ಬಳಸಿವೆಯೋ ಲೆಕ್ಕವಿಲ್ಲ. ಸಾಧಕರು ಬೇಡವೆಂದು ನಾನು ಹೇಳುತ್ತಿಲ್ಲ. ಅವರ ಬಗ್ಗೆ ಬರೆಯುವಾಗ ಸಾಧನೆ ಹೇಗೆ ಆಯಿತೆಂಬುದು ಬಿಟ್ಟುಹೋಗಿ ಮೆಚ್ಚುಗೆಯೊಂದೇ ಉಳಿಯುತ್ತದಲ್ಲ, ತಕರಾರು ಅಲ್ಲಿ.

ಹಾಸನ ಜಿಲ್ಲೆಯನ್ನೇ ನೋಡಿ. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಸಿಕ್ಕ ಏಕೈಕ ಪದಕ ಈ ಜಿಲ್ಲೆಯ ಗಿರೀಶ ಹೊಸನಗರ ನಾಗರಾಜೇಗೌಡರದು: ಎತ್ತರ ಜಿಗಿತದಲ್ಲಿ ಬೆಳ್ಳಿ. ಅವರು ಹಾರಿದ್ದು 1.74 ಮೀಟರ್. ಚಿನ್ನ ಗೆದ್ದ ಫಿಜಿಯ ಇಲಿಯೇಸ ಡೆಲಾನ ಹಾರಿದ್ದೂ 1.74 ಮೀಟರೇ. ಇಬ್ಬರೂ ಒಂದೇ ಎತ್ತರ ದಾಟಿದ್ದರೂ ವಿಫಲ ಯತ್ನಗಳ ಲೆಕ್ಕದಲ್ಲಿ ಚಿನ್ನ ಆ ಕಡೆ ಹೋಯಿತು. ಹಾಸನದಲ್ಲೇ ಹುಟ್ಟಿದ ಸುಹಾಸ್ ಲಾಳಿನಕೆರೆ ಯತಿರಾಜ್ ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಓದಿ, ಉತ್ತರ ಪ್ರದೇಶ ಕೇಡರಿನ ಐಎಎಸ್ ಅಧಿಕಾರಿಯಾಗಿ, ಟೋಕಿಯೊ ಮತ್ತು ಪ್ಯಾರಿಸ್ ಪ್ಯಾರಾಲಿಂಪಿಕ್ಸ್ ಎರಡರಲ್ಲೂ ಬ್ಯಾಡ್ಮಿಂಟನ್ ಬೆಳ್ಳಿ ತಂದರು. ಎರಡು ಫೈನಲ್‌ಗಳಲ್ಲೂ ಎದುರಾಳಿ ಫ್ರಾನ್ಸಿನ ಲುಕಾಸ್ ಮಜೂರ್. ಈ ಇಬ್ಬರ ಬಗ್ಗೆ ಪದಕ, ಪ್ರಶಸ್ತಿ, ಸನ್ಮಾನದ ವಿವರ ಎಲ್ಲೆಡೆ ಸಿಗುತ್ತದೆ. ಗಿರೀಶರು ಸ್ಪರ್ಧಿಸಿದ ಎಫ್42, ಸುಹಾಸ್ ಆಡುವ ಎಸ್‌ಎಲ್4 ಎಂಬ ವರ್ಗಗಳೆಂದರೆ ಏನು, ಯಾರು ಯಾವ ವರ್ಗಕ್ಕೆ ಸೇರಬೇಕೆಂದು ತೀರ್ಮಾನಿಸುವವರು ಯಾರು, ಒಂದು ಕಾಲಿನ ಶಕ್ತಿ ಕಡಿಮೆಯಾದವರು ನಿಂತು ಆಡುವುದಕ್ಕೂ ಗಾಲಿಕುರ್ಚಿಯಲ್ಲಿ ಆಡುವುದಕ್ಕೂ ಅಂಕಣದ ಅಳತೆಯಲ್ಲಿ ವ್ಯತ್ಯಾಸವೇನು ಎಂಬುದು ಕನ್ನಡದಲ್ಲಿ ಸಿಗುವುದು ಕಷ್ಟ. ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಅಂಧ ಓಟಗಾರ್ತಿ ರಕ್ಷಿತಾ ರಾಜು 1500 ಮೀಟರ್‌ನಲ್ಲಿ ಏಷ್ಯನ್ ಪ್ಯಾರಾ ಕ್ರೀಡಾಕೂಟದ ಚಿನ್ನ ಗೆದ್ದಾಗ ಅವರ ಕೈಗೆ ಹಗ್ಗದ ಕುಣಿಕೆ ಕಟ್ಟಿಕೊಂಡು ಜೊತೆಗೇ ಓಡಿದ ಮಾರ್ಗದರ್ಶಿ ಓಟಗಾರರ ಕೆಲಸವೇ ಒಂದು ಇಡೀ ಲೇಖನಕ್ಕೆ ಸಾಕಾಗುವ ವಿಷಯ. ಹೆಜ್ಜೆಗೆ ಹೆಜ್ಜೆ ಹೊಂದಿಸುವುದು, ತಿರುವನ್ನು ಮೊದಲೇ ಹೇಳುವುದು, ಗೆರೆ ದಾಟುವಾಗ ತಾನು ಹಿಂದೆ ಉಳಿಯುವುದು. ಅಂಗವೈಕಲ್ಯ ಉಳ್ಳ ಒಂದು ಮಗುವಿನ ತಂದೆಗೆ ಗಿರೀಶರ ಜೀವನಗಾಥೆ ಹುರುಪು ಕೊಡಬಹುದು. ವರ್ಗೀಕರಣದ ಲೇಖನ ಓದಿದರೆ ಮಗುವನ್ನು ಯಾವ ಆಟಕ್ಕೆ, ಯಾರ ಬಳಿ ಕರೆದೊಯ್ಯಬೇಕೆಂಬುದು ಅವನಿಗೆ ಗೊತ್ತಾಗುತ್ತದೆ.

ನನ್ನ ಮಟ್ಟಿಗೆ ವಿಷಯ ಆರಿಸುವ ಸೂತ್ರ ಒಂದೇ. ಬೇರೆ ಯಾವ ಭಾಷೆಯವರೂ ನಮ್ಮ ಪರವಾಗಿ ಬರೆದುಕೊಡಲಾರದ, ಆಕರಗಳು ನಮ್ಮಲ್ಲೇ ಬಿದ್ದಿರುವ ವಿಷಯ ಮೊದಲು. ಪಾರ್ಶ್ವವಾಯುವಿನ ಬಗ್ಗೆ ಕನ್ನಡದಲ್ಲಿ ಲೇಖನ ಚೆನ್ನಾಗಿಲ್ಲದಿದ್ದರೆ ನಷ್ಟವೇ, ಆದರೆ ಲೋಕದಲ್ಲಿ ಆ ಜ್ಞಾನ ಕಳೆದುಹೋಗುವುದಿಲ್ಲ. ಹಂದಿಗೋಡು ಕಾಯಿಲೆಯ ಬಗ್ಗೆ ಹಾಗೆ ಹೇಳುವಂತಿಲ್ಲ.

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಎಂಬ ಹಳ್ಳಿಯಲ್ಲಿ 1970ರ ದಶಕದ ನಡುವಿನಲ್ಲಿ ಈ ಕಾಯಿಲೆ ಹೊರಜಗತ್ತಿನ ಕಣ್ಣಿಗೆ ಬಿತ್ತು. ಸೊಂಟದ ಕೀಲು, ಮಂಡಿ, ಬೆನ್ನುಮೂಳೆಗಳಲ್ಲಿ ನೋವು. ವರ್ಷ ಕಳೆದಂತೆ ನಡಿಗೆ ಹೊಯ್ದಾಡತೊಡಗುತ್ತದೆ. ಕೊನೆಗೆ ಕೆಲವರು ತೆವಳಿಕೊಂಡೇ ಓಡಾಡಬೇಕಾಗುತ್ತದೆ. ಕೆಲವರಲ್ಲಿ ಮೈ ಕುಳ್ಳಾಗಿಯೇ ಉಳಿಯುತ್ತದೆ. ಬಾಧೆಗೊಳಗಾದವರು ಹೆಚ್ಚಾಗಿ ದಲಿತ ಕೃಷಿಕೂಲಿ ಕುಟುಂಬದವರು. ಗದ್ದೆಗೆ ಹೊಡೆದ ಕೀಟನಾಶಕ ಸೇರಿದ ಏಡಿ, ಮೀನು ತಿಂದದ್ದೇ ಕಾರಣವೆಂಬ ಶಂಕೆ ಆಗ ಬಲವಾಗಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು ಬಂದು ನೋಡಿದರು. 1977ರಲ್ಲಿ ಮಲೆನಾಡಿನ ಕೌಟುಂಬಿಕ ಸಂಧಿವಾತ ಎಂಬ ಅರ್ಥದ ಹೆಸರಲ್ಲಿ ಅದರ ವಿವರಣೆ ವೈದ್ಯಕೀಯ ಸಾಹಿತ್ಯಕ್ಕೆ ಸೇರಿತು. ಮುಂದೆ 1990ರ ದಶಕದಲ್ಲಿ ಎಕ್ಸ್‌ರೇ ಮತ್ತು ವಂಶಾವಳಿಗಳ ಅಧ್ಯಯನ ನಡೆಸಿದವರು ಇದು ಮೂಳೆಯ ಬೆಳವಣಿಗೆಯಲ್ಲೇ ಇರುವ, ತಂದೆ ಅಥವಾ ತಾಯಿಯಲ್ಲಿ ಒಬ್ಬರಿಂದಲೇ ಮಕ್ಕಳಿಗೆ ಬರಬಲ್ಲ ಆನುವಂಶಿಕ ದೋಷವೆಂದು ತೋರಿಸಿದರು.

ಈಗ ಇದನ್ನು ವಿಶ್ವಕೋಶಕ್ಕೆ ಬರೆಯಲು ಕೂತವರ ಪಾಡು ಯೋಚಿಸಿ. ಇಂಗ್ಲಿಷ್ ವೈದ್ಯಕೀಯ ಪತ್ರಿಕೆಗಳಲ್ಲಿ ಮೂಳೆಯ ಚಿತ್ರಗಳಿವೆ, ಮನುಷ್ಯರ ಮಾತಿಲ್ಲ. ಮನುಷ್ಯರ ಮಾತಿರುವುದು ಆ ಕಾಲದ ಕನ್ನಡ ಪತ್ರಿಕೆಗಳಲ್ಲಿ, ವಿಧಾನಮಂಡಲದ ಪ್ರಶ್ನೋತ್ತರಗಳಲ್ಲಿ, ಜಿಲ್ಲಾ ಆಡಳಿತದ ಕಡತಗಳಲ್ಲಿ. ಕೀಟನಾಶಕದ ಶಂಕೆಯನ್ನು ಬರೆಯುವಾಗ ಅದು ಶಂಕೆಯಾಗಿತ್ತೆಂದೂ ಮುಂದೆ ಅದಕ್ಕೆ ಏನಾಯಿತೆಂದೂ ಕಾಲಕ್ರಮದಲ್ಲಿ ಹೇಳಬೇಕು. ಹಾಗೆಂದು ಆ ಶಂಕೆಯನ್ನೇ ಅಳಿಸಿಹಾಕಿದರೆ ಆ ಜನರ ಬದುಕಿನ ಒಂದು ಭಾಗವನ್ನೇ ಅಳಿಸಿದಂತೆ. ಜಾತಿಯ ಮಾತು ಬಂದಾಗ ಇನ್ನೂ ಎಚ್ಚರ ಬೇಕು. ಆನುವಂಶಿಕ ಎಂಬ ಮಾತು ಊರಿನ ಬಾಯಲ್ಲಿ ಶಾಪ ಎಂಬ ಅರ್ಥ ಪಡೆಯಲು ಹೆಚ್ಚು ಹೊತ್ತು ಬೇಡ, ಹೆಣ್ಣು ಕೊಡುವ ತರುವ ಮಾತಿಗೆ ಅಡ್ಡ ಬರಲಿಕ್ಕೂ ಬೇಡ. ಒಂದು ಸಣ್ಣ ಬಳಗದೊಳಗೇ ಮದುವೆಗಳು ನಡೆದಾಗ ಒಂದು ವಂಶವಾಹಿ ಹೇಗೆ ಅಲ್ಲೇ ಸುತ್ತುತ್ತದೆಂಬುದನ್ನು ವಿವರಿಸುವುದು ಬೇರೆ, ಇಂಥ ಕುಲದವರ ಕಾಯಿಲೆ ಎಂದು ಹಣೆಪಟ್ಟಿ ಹಚ್ಚುವುದು ಬೇರೆ. ಈ ವ್ಯತ್ಯಾಸವನ್ನು ಕಾಯ್ದುಕೊಳ್ಳಬಲ್ಲವರು ಕನ್ನಡದ ಸಾಮಾಜಿಕ ಸೂಕ್ಷ್ಮ ಗೊತ್ತಿರುವ ಬರಹಗಾರರು ಮಾತ್ರ. ಇದನ್ನು ಬೋಸ್ಟನ್ನಿನಲ್ಲಿ ಕೂತವರು ಮಾಡಿಕೊಡಲಿ ಎಂದು ಕಾಯುವುದು ದಂಡ.

ಇದರ ಪಕ್ಕದಲ್ಲೇ ಇಟ್ಟು ನೋಡಬೇಕಾದ ಇನ್ನೊಂದು ವಿಷಯ ಎಂಡೋಸಲ್ಫಾನ್. ಹಂದಿಗೋಡಿನಲ್ಲಿ ಕೀಟನಾಶಕದ ಶಂಕೆಯಿಂದ ಶುರುವಾದ ವಿವರಣೆ ವಂಶವಾಹಿಗೆ ಬಂದು ನಿಂತಿತು. ಕಾಸರಗೋಡಿನ ಎಣ್ಮಕಜೆ ಪಂಚಾಯತಿಯ ಪಡ್ರೆಯಲ್ಲಿ ಕಥೆ ಇನ್ನೊಂದು ದಿಕ್ಕಿಗೆ ಹರಿಯಿತು. ಅಲ್ಲಿ ಕೇರಳ ಪ್ಲಾಂಟೇಶನ್ ಕಾರ್ಪೊರೇಷನ್ನಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲೂ ಗೇರು ತೋಟಗಳಿಗೆ ಇದೇ ಸಿಂಪಡಣೆ ನಡೆಯಿತು. ಹುಟ್ಟುತ್ತಲೇ ಅಂಗವೈಕಲ್ಯ, ಬುದ್ಧಿಯ ಬೆಳವಣಿಗೆಯಲ್ಲಿ ಹಿಂದುಳಿಯುವಿಕೆ, ಮೂರ್ಛೆರೋಗ ಒಂದೇ ಊರಿನ ಮನೆಮನೆಗಳಲ್ಲಿ ಕಂಡಾಗ ಅದನ್ನು ಮೊದಲು ಗುರುತಿಸಿದವರಲ್ಲಿ ಅಲ್ಲಿಯ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್ ಮತ್ತು ಪತ್ರಕರ್ತ ಶ್ರೀಪಡ್ರೆ ಇದ್ದರು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲಿ ಎಂಡೋಸಲ್ಫಾನ್ ತಯಾರಿಕೆ, ಮಾರಾಟ, ಬಳಕೆಗೆ ತಡೆ ಹಾಕಿತು. 2017ರ ಜನವರಿಯಲ್ಲಿ ಕೇರಳದ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿತು. ಹೊರಗಿನವರಿಗೆ ಇದು ಕೇರಳದ, ಮಲಯಾಳದ ವಿಷಯ. ಪಡ್ರೆಯ ಮನೆಗಳಲ್ಲಿ ಆಡುವ ಮಾತು ಕನ್ನಡ, ತುಳು. ಗಡಿಯ ಈಚೆ ಕೊಕ್ಕಡದಲ್ಲಿ ಪರಿಹಾರದ ಬೇರೆ ಲೆಕ್ಕ, ಆರೈಕೆ ಕೇಂದ್ರಗಳ ಬೇರೆ ಕಥೆ. ಎರಡೂ ಕಡೆಯನ್ನು ಒಟ್ಟಿಗೆ ಇಟ್ಟು ಬರೆಯಬಲ್ಲದ್ದು ಕನ್ನಡ ವಿಶ್ವಕೋಶವೇ.

ಅರಸೀಕೆರೆಯ ಕಡೆಗೂ ಒಂದು ವಿಷಯ ಕಾಯುತ್ತಿದೆ, ಅದು ನೀರಿನದು. ಈ ಬಯಲುಸೀಮೆಯಲ್ಲಿ ಕೆರೆ ಬತ್ತಿ ಕೊಳವೆಬಾವಿ ಆಳಕ್ಕೆ ಇಳಿದಂತೆ ಫ್ಲೋರೈಡ್ ಮಾತು ಮೇಲೆ ಬಂತು. ಕುಡಿಯುವ ನೀರಿನಲ್ಲಿ ಲೀಟರಿಗೆ ಒಂದೂವರೆ ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ವರ್ಷಗಟ್ಟಲೆ ಮೈ ಸೇರಿದರೆ ಮೊದಲು ಹಲ್ಲಿನಲ್ಲಿ ಕಂದು ಪಟ್ಟೆ, ಆಮೇಲೆ ಮೂಳೆಯಲ್ಲಿ ಬಿಗಿತ, ಕೊನೆಗೆ ಬೆನ್ನು ಬಾಗಿ ಕುತ್ತಿಗೆ ತಿರುಗದ ಸ್ಥಿತಿ. ಹಲ್ಲು ಕಂದಾದವರನ್ನು ಊರು ನೋಡಿ ನಕ್ಕು ಬಿಡುತ್ತದೆ. ಬೆನ್ನು ಬಾಗಿದವರನ್ನು ವಯಸ್ಸಾಯಿತೆಂದು ಬಿಡುತ್ತದೆ. 2016ರ ಕಾಯ್ದೆಯ ಪಟ್ಟಿಯಲ್ಲಿ ಫ್ಲೋರೋಸಿಸ್ ಎಂಬ ಹೆಸರಿಲ್ಲ. ಆದರೆ ಅದರಿಂದ ಚಲನೆ ಕಳೆದುಕೊಂಡವರು ಚಲನಾ ವೈಕಲ್ಯದಡಿ ಪ್ರಮಾಣಪತ್ರ ಕೇಳಬಹುದು. ಅದರಲ್ಲಿ ವೈಕಲ್ಯದ ಪ್ರಮಾಣ ಶೇ. 40 ಬಂದರೆ ಸೌಲಭ್ಯ, ಬಾರದಿದ್ದರೆ ಇಲ್ಲ. ಪರ್ಸೆಂಟೇಜ್ ಎಷ್ಟು ಬಂತು ಎಂಬುದು ನಮ್ಮ ತಾಲ್ಲೂಕು ಕಚೇರಿಗಳ ಜಗಲಿಯ ಮೇಲೆ ಎಲ್ಲಕ್ಕಿಂತ ಹೆಚ್ಚು ಕೇಳುವ ಪ್ರಶ್ನೆ. ಈ ಶೇಕಡಾವಾರನ್ನು ಹೇಗೆ ಅಳೆಯುತ್ತಾರೆ, ಯುಡಿಐಡಿ ಕಾರ್ಡ್ ಎಂದರೇನು, ಗ್ರಾಮ ಪಂಚಾಯತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಜನ ವಿಆರ್‌ಡಬ್ಲ್ಯೂ ಎಂದೇ ಕರೆಯುವವರು, ಮಾಡುವ ಕೆಲಸವೇನು? ಅಂಗವೈಕಲ್ಯದ ಆಡಳಿತ ಎಂಬ ಈ ಒಣ ವಿಷಯಕ್ಕೆ ಬರಹಗಾರರು ಸಿಗುವುದಿಲ್ಲ, ಓದುಗರು ಮಾತ್ರ ಕಾದು ಕೂತಿದ್ದಾರೆ.

ಒಣ ವಿಷಯದಿಂದ ಕಲ್ಲಿಗೆ ಬರೋಣ. ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅವನ್ನು ಕುರಿತು ಬರೆದದ್ದಕ್ಕೆ ಕೊನೆಯಿಲ್ಲ. ಈ ದೇವಾಲಯಗಳ ವಾಸ್ತುವಿನಲ್ಲೇ ಅಂಗವೈಕಲ್ಯದ ಒಂದು ವಿಷಯ ಅಡಗಿದೆ, ಅದು ಜಗತಿ. ಹೊಯ್ಸಳರ ಗುಡಿಗಳಲ್ಲಿ ಗರ್ಭಗುಡಿಯ ಸುತ್ತ ಒಳಗಡೆ ಪ್ರದಕ್ಷಿಣ ಪಥ ಸಾಮಾನ್ಯವಾಗಿ ಇರುವುದಿಲ್ಲ. ಗುಡಿಯ ಆಕಾರವನ್ನೇ ಅನುಸರಿಸಿ ಹೊರಗೆ ಹಬ್ಬಿರುವ ಎತ್ತರದ ಜಗಲಿಯೇ ಪ್ರದಕ್ಷಿಣ ಪಥ. ಆನೆ, ಕುದುರೆ, ರಾಮಾಯಣ, ಮಹಾಭಾರತದ ಪಟ್ಟಿಕೆಗಳನ್ನು ಕಣ್ಣಳತೆಯಲ್ಲಿ ನೋಡಬೇಕಾದರೆ ಆ ಜಗತಿಯ ಮೇಲೆ ನಡೆಯಬೇಕು. ಮೆಟ್ಟಿಲು ಹತ್ತಲಾಗದವರು ಅಂಗಳದಲ್ಲೇ ಉಳಿದರೆ ಅವರಿಗೆ ತಪ್ಪುವುದು ಬರೀ ಗರ್ಭಗುಡಿಯ ದರ್ಶನವಲ್ಲ, ಹೊರಗೋಡೆಯ ಇಡೀ ಕಥೆ. ಇನ್ನೊಂದು ಕಡೆ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ರಕ್ಷಿತ ಕಟ್ಟಡದಲ್ಲಿ ಮನಬಂದಂತೆ ಕಟ್ಟಲು, ಕೊರೆಯಲು ಬಿಡುವುದಿಲ್ಲ. ಕಲ್ಲಿಗೆ ಗಾಯವಾಗದಂತೆ ತೆಗೆದಿಡಬಹುದಾದ ಮರದ ಇಳಿಜಾರು, ಕೈಕಂಬಿ, ಮುಟ್ಟಿ ನೋಡಬಹುದಾದ ಮಾದರಿ ಇಂಥವು ನಡುದಾರಿಗಳು. ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ರಾಜೀವ್ ರತೂರಿ ಪ್ರಕರಣದ ತೀರ್ಪಿನಲ್ಲಿ, ಪ್ರವೇಶಾನುಕೂಲದ ಮಾನದಂಡಗಳು ಬರೀ ಸಲಹೆಯಾಗಿ ಉಳಿಯುವಂತಿಲ್ಲ, ಕಡ್ಡಾಯ ನಿಯಮಗಳಾಗಬೇಕು ಎಂದಿತು. ಹೊಯ್ಸಳ ವಾಸ್ತುವಿನ ಲೇಖನ, ಸ್ಮಾರಕ ಕಾಯ್ದೆಯ ಲೇಖನ, ಈ ತೀರ್ಪಿನ ಲೇಖನ ಮೂರೂ ಒಂದನ್ನೊಂದು ಮುಟ್ಟುವಂತೆ ಬರೆದರೆ ಅದು ನಿಜವಾದ ಸಂಶೋಧನೆ. ಹಾಸನ ಜಿಲ್ಲೆಯಲ್ಲೇ ಇನ್ನೊಂದು ಉದಾಹರಣೆಯಿದೆ: ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ವಯಸ್ಸಾದವರನ್ನು, ನಡೆಯಲಾಗದವರನ್ನು ಡೋಲಿಯಲ್ಲಿ ಹೊತ್ತು ಮೇಲೇರಿಸುತ್ತಾರೆ. ಡೋಲಿ ಹೊರುವವರ ಹೆಗಲಿನ ಮೇಲೆ ನಡೆಯುವ ಈ ವ್ಯವಸ್ಥೆಯ ಬಗ್ಗೆ, ಅದರ ದರ, ಅದರ ಘನತೆಯ ಪ್ರಶ್ನೆಯ ಬಗ್ಗೆ ಯಾರೂ ವಿಶ್ವಕೋಶದಲ್ಲಿ ಬರೆಯುವ ಗೋಜಿಗೆ ಹೋಗುವುದಿಲ್ಲ.

ಬೇಲೂರಿಗೆ ಹೋದವರಿಗೆಲ್ಲ ಜಕಣಾಚಾರಿಯ ಕಥೆ ಗೊತ್ತು. ವಿಗ್ರಹದಲ್ಲಿ ದೋಷವಿದೆಯೆಂದು ಹುಡುಗನೊಬ್ಬ ತೋರಿಸಿಕೊಟ್ಟಾಗ, ಕಲ್ಲಿನೊಳಗಿಂದ ಕಪ್ಪೆ ಹೊರಬಂದಾಗ, ಶಿಲ್ಪಿ ತನ್ನ ಬಲಗೈಯನ್ನೇ ಕತ್ತರಿಸಿಕೊಂಡನಂತೆ. ಮುಂದೆ ತುಮಕೂರು ಬಳಿಯ ಕೈದಾಳದಲ್ಲಿ ಗುಡಿ ಕಟ್ಟಿದಾಗ ಕೈ ಮರಳಿ ಬಂತಂತೆ. ತಪ್ಪಿಗೆ ಶಿಕ್ಷೆಯಾಗಿ ಅಂಗ ಹೋಗುವುದು, ಭಕ್ತಿಗೆ ಬಹುಮಾನವಾಗಿ ಅಂಗ ಬರುವುದು ನಮ್ಮ ಕಥನಗಳಲ್ಲಿ ಮತ್ತೆ ಮತ್ತೆ ಕಾಣುವ ಜಾಡು. ಜಾನಪದದಲ್ಲಿ ಅಂಗವೈಕಲ್ಯ ಎಂಬ ವಿಷಯವನ್ನು ಆರಿಸಿದವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಉದಾಹರಣೆ ಸಿಗದು. ಶಾಸನಗಳಲ್ಲಿ ಮಾತ್ರ ಜಕಣಾಚಾರಿ ಸಿಗುವುದಿಲ್ಲ. ಬೇಲೂರಿನ ಶಿಲ್ಪಗಳ ಕೆಳಗೆ ಹೆಸರು ಕೊರೆದು ಹೋದವರು ದಾಸೋಜ, ಅವನ ಮಗ ಚಾವಣ. ಅವರು ಬಳ್ಳಿಗಾವೆಯವರು.

ಆ ಬಳ್ಳಿಗಾವೆಯಲ್ಲೇ, ಈಗಿನ ಶಿಕಾರಿಪುರ ತಾಲ್ಲೂಕಿನಲ್ಲಿ, ಕೋಡಿಯ ಮಠವೆಂಬ ಹೆಸರಾಂತ ವಿದ್ಯಾಕೇಂದ್ರವಿತ್ತು. 1162ರ ಶಾಸನವೊಂದು ಆ ಮಠದಲ್ಲಿ ಏನೇನು ನಡೆಯುತ್ತಿತ್ತೆಂದು ಸಾಲುಸಾಲಾಗಿ ಹೇಳುತ್ತದೆ. ವೇದ, ವ್ಯಾಕರಣ, ದರ್ಶನಗಳ ಪಾಠ ಒಂದೆಡೆ. ಇನ್ನೊಂದೆಡೆ ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಕಥೆ ಹೇಳುವವರು, ಹಾಡುವವರು, ಕುಣಿಯುವವರು ಎಲ್ಲರಿಗೂ ಅನ್ನ, ರೋಗಿಗಳಿಗೆ ಚಿಕಿತ್ಸೆ. ಎಂಟೂವರೆ ಶತಮಾನದ ಹಿಂದಿನ ಕಲ್ಲು ಅಂಗವೈಕಲ್ಯ ಉಳ್ಳವರನ್ನು ಬೇರೆ ಬೇರೆಯಾಗಿ ಎಣಿಸಿ ಹೆಸರಿಸಿದೆ. ಇದನ್ನು ಓದಿ ನಮ್ಮ ಪೂರ್ವಿಕರು ಎಷ್ಟು ಉದಾರಿಗಳೆಂದು ಬೀಗಿ ನಿಲ್ಲುವವರೇ ಹೆಚ್ಚು. ಸಂಶೋಧಕರು ಮುಂದಿನ ಪ್ರಶ್ನೆ ಕೇಳಬೇಕು: ಅವರಿಗೆ ಅನ್ನ ಸಿಕ್ಕಿತು ಸರಿ, ಪಾಠ ಕೇಳುವವರ ಸಾಲಿನಲ್ಲಿ ಅವರಲ್ಲಿ ಯಾರಾದರೂ ಇದ್ದರೆ? ಎಪಿಗ್ರಾಫಿಯಾ ಕರ್ನಾಟಿಕದ ಶಾಸನ ಸಂಪುಟಗಳನ್ನು ಈ ಒಂದೇ ಪ್ರಶ್ನೆ ಹಿಡಿದು ಓದಿದರೆ ಕರ್ನಾಟಕದ ಅಂಗವೈಕಲ್ಯದ ಇತಿಹಾಸ ಎಂಬ ಲೇಖನದ ಅರ್ಧ ಅಲ್ಲೇ ಸಿಗುತ್ತದೆ.

ಉಳಿದರ್ಧ ಸಂಸ್ಥೆಗಳದು. ಮೈಸೂರಿನಲ್ಲಿ 1901ರಲ್ಲೇ ಕಿವುಡ ಮತ್ತು ಅಂಧ ಮಕ್ಕಳ ಶಾಲೆ ಶುರುವಾಗಿತ್ತು. 1965ರಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಬಂತು. ಬೆಂಗಳೂರಿನಲ್ಲಿ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ, ಸಮರ್ಥನಂ ಮೊದಲಾದವು ಇವೆ. ಇವುಗಳ ಬಗ್ಗೆ ಬರೆಯುವುದು ಕಷ್ಟವಿಲ್ಲ, ವರದಿಗಳಿವೆ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಬಗ್ಗೆ ಬರೆಯುವುದು ಸುಲಭವೆಂದು ಕಾಣುತ್ತದೆ, ಸುಲಭವಲ್ಲ. ಪಂಚಾಕ್ಷರ ಗವಾಯಿಗಳು, ಅವರ ನಂತರ 2010ರಲ್ಲಿ ತೀರಿಕೊಂಡ ಪುಟ್ಟರಾಜ ಗವಾಯಿಗಳು, ಇಬ್ಬರೂ ದೃಷ್ಟಿ ಇಲ್ಲದವರು, ನಾಡಿನ ದೇವರಾಗಿದ್ದಾರೆ. ದೇವರ ಬಗ್ಗೆ ಭಕ್ತಿಗೀತೆ ಬರುತ್ತದೆ, ವಿಶ್ವಕೋಶ ಬರುವುದಿಲ್ಲ. ಬಸವರಾಜ ರಾಜಗುರುಗಳಂಥ ದೊಡ್ಡ ಗಾಯಕರು ಬೆಳೆದ ಆ ಮನೆಯಲ್ಲಿ ಕಣ್ಣಿಲ್ಲದ ಹುಡುಗರು ಬಂದಿಶನ್ನು ಹೇಗೆ ಕಲಿತರು, ತಬಲಾದ ಬೋಲನ್ನು ಯಾವ ಕ್ರಮದಲ್ಲಿ ಕೈಗೆ ತಂದುಕೊಂಡರು, ನಾಟಕ ಕಂಪನಿ ಕಟ್ಟಿಕೊಂಡು ಅನ್ನದ ಖರ್ಚು ತೂಗಿಸಿದ್ದು ಹೇಗೆ? ಆಶ್ರಮವನ್ನು ಒಂದು ಶಿಕ್ಷಣ ವಿಧಾನವೆಂದು ಓದಿದವರು ಕಡಿಮೆ. ಬ್ರೈಲ್ ಕಲಿಕೆ ಸರ್ಕಾರಿ ಶಾಲೆಗಳಲ್ಲಿ ಹಬ್ಬುವುದಕ್ಕೂ ಮುಂಚೆ ಉತ್ತರ ಕರ್ನಾಟಕದ ಅಂಧ ಮಕ್ಕಳಿಗೆ ಸಂಗೀತವೇ ಶಾಲೆಯಾಗಿತ್ತು, ಅದೇ ಉದ್ಯೋಗವೂ ಆಗಿತ್ತು. ಆ ಅರ್ಥಶಾಸ್ತ್ರವನ್ನು ಬರೆಯಬೇಕು.

ಇಷ್ಟೆಲ್ಲ ಬರೆದ ಮೇಲೆ ಓದುವವರಿಗೆ ತಲುಪಬೇಕಲ್ಲ. ದೃಷ್ಟಿ ಇಲ್ಲದ ಓದುಗರು ಇಂದು ಮೊಬೈಲ್, ಕಂಪ್ಯೂಟರುಗಳ ಓದು ತಂತ್ರಾಂಶದಲ್ಲಿ ಕನ್ನಡ ಕೇಳುತ್ತಾರೆ. ಪಠ್ಯ ಯುನಿಕೋಡಿನಲ್ಲಿದ್ದರೆ ಸರಾಗ. ಹಳೆಯ ನುಡಿ, ಬರಹ ತಂತ್ರಾಂಶಗಳ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದ ಕಡತವಾದರೆ ಕಣ್ಣಿಗೆ ಕನ್ನಡ, ಯಂತ್ರಕ್ಕೆ ರೋಮನ್ ಅಕ್ಷರಗಳ ಗೊಂಚಲು. ಓದಿಸಿದರೆ ಕಿವಿಗೆ ಬೀಳುವುದು ಯಾವ ಭಾಷೆಯೂ ಅಲ್ಲದ ಗದ್ದಲ. ಸರ್ಕಾರದ ಎಷ್ಟೋ ವರ್ಷಗಳ ಆದೇಶ, ವರದಿ, ಪಠ್ಯಗಳು ಹೀಗೆ ಕಿವಿಗೆ ಮುಚ್ಚಿಕೊಂಡೇ ಇವೆ. ಅಂಗವೈಕಲ್ಯದ ಆಕರಗಳೇ ಅಂಗವೈಕಲ್ಯ ಉಳ್ಳವರಿಗೆ ಓದಲಾಗದ ರೂಪದಲ್ಲಿರುವುದು ವಿಚಿತ್ರವಾದರೂ ನಿಜ.

ಚಿತ್ರಗಳ ಪಾಡು ಇನ್ನೂ ಕಡೆ. ಬೇಲೂರಿನ ಲೇಖನದಲ್ಲಿ ದರ್ಪಣ ಸುಂದರಿಯ ಚಿತ್ರ ಹಾಕಿ ಬದಲಿ ಪಠ್ಯ ಬರೆಯದೆ ಬಿಟ್ಟರೆ ಓದು ತಂತ್ರಾಂಶ ಐಎಂಜಿ, ಅಂಡರ್‌ಸ್ಕೋರ್, ನಾಲ್ಕು ಅಂಕಿ, ಜೆಪಿಜಿ ಎಂದು ಹೇಳಿ ಮುಂದೆ ಹೋಗುತ್ತದೆ. ಶಿಲಾಬಾಲಿಕೆ ಎಂದಷ್ಟೇ ಬರೆದರೂ ಹೆಚ್ಚೇನೂ ಹೇಳಿದಂತಾಗಲಿಲ್ಲ. ಸೂರಿನ ಕೆಳಗೆ ಓರೆಯಾಗಿ ಕೂರಿಸಿದ ಕಲ್ಲು, ಮೇಲೆ ಎಲೆಬಳ್ಳಿಯ ಚಪ್ಪರ, ಕೈಯ ಕನ್ನಡಿಯಲ್ಲಿ ಮುಖ ನೋಡಿಕೊಳ್ಳುತ್ತಿರುವ ಹೆಣ್ಣು, ಪಕ್ಕದಲ್ಲಿ ಪುಟ್ಟ ಸೇವಕಿಯರು, ಕೆತ್ತನೆ ಎಷ್ಟು ಆಳವೆಂದರೆ ಬಳ್ಳಿಯ ಹಿಂದೆ ನೆರಳು ನಿಲ್ಲುತ್ತದೆ ಎಂದು ನಾಲ್ಕು ಸಾಲು ಬರೆಯುವುದು ಕಲೆ. ಬೇಲೂರಿನ ಗುಡಿಯ ಹೊರಗೆ ಮೂವತ್ತೆಂಟು, ಒಳಗೆ ನಾಲ್ಕು ಇಂಥ ಶಿಲಾಬಾಲಿಕೆಯರು, ಮದನಿಕೆಯರು, ಇದ್ದಾರೆ. ಅಂಗವೈಕಲ್ಯದ ಬಗ್ಗೆ ಏನಾದರೂ ಮಾಡಬೇಕೆಂದು ಬಂದ ಕಾಲೇಜಿನ ಗುಂಪೊಂದಕ್ಕೆ ಇವರಲ್ಲಿ ಒಬ್ಬೊಬ್ಬರನ್ನು ಹಂಚಿಕೊಟ್ಟು ಮಾತಿನಲ್ಲಿ ಕೆತ್ತಿಸಬಹುದು. ಕನ್ನಡ ಮೇಷ್ಟರೂ ಇತಿಹಾಸದ ಮೇಷ್ಟರೂ ಕೂತು ಜಗಳವಾಡಿ ತಿದ್ದಬಹುದು. ತಿದ್ದಿದ್ದನ್ನು ದೃಷ್ಟಿ ಇಲ್ಲದ ಒಬ್ಬ ಓದುಗರಿಗೆ ಕೇಳಿಸಿ ಎಲ್ಲಿ ಅರ್ಥವಾಗಲಿಲ್ಲವೆಂದು ಕೇಳಬೇಕು. ಆ ಗುಂಪಿನಲ್ಲಿ ಗ್ರಂಥಾಲಯದ ಚಾಳಿ ಇರುವ ಒಬ್ಬಿಬ್ಬರಿದ್ದರೆ ಅವರನ್ನು ಮಾತ್ರ ಮದನಿಕೆಯರಿಂದ ಬಿಡಿಸಿ, 1974ರಿಂದ ಮುಂದಿನ ನಾಲ್ಕೈದು ವರ್ಷಗಳ ಪತ್ರಿಕೆಯ ಕಟ್ಟುಗಳನ್ನು ಹುಡುಕಲು ಸಾಗರಕ್ಕೂ ಶಿವಮೊಗ್ಗಕ್ಕೂ ಕಳಿಸುತ್ತೇನೆ. ಹಂದಿಗೋಡಿನ ಬಗ್ಗೆ ಕನ್ನಡದಲ್ಲಿ ಏನೇನು ಅಚ್ಚಾಯಿತೆಂಬ ಪಟ್ಟಿ ಮೊದಲು ಆಗಬೇಕಾದ್ದು, ಆ ಕಾಗದ ಇನ್ನು ಹೆಚ್ಚು ಕಾಲ ಬಾಳುವಂಥದ್ದಲ್ಲ.